ಒಂದು ಕೇಬಲಿನ ಮೇಲೆ ಎರಡು ಡ್ರೈವ್

ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಎರಡನೆಯ ಸಿಡಿ ಅಥವಾ ಡಿವಿಡಿ ಡ್ರೈವ್ ಸೇರಿಸಬೇಕಾದರೆ ಅದಕ್ಕೆ ಕೂರಲು ಜಾಗ ಬೇಕು, ತಿರುಗಲು ವಿದ್ಯುತ್ತು ಬೇಕು, ಓದಿದ್ದನ್ನು ಮದರ್‌ಬೋರ್ಡಿಗೆ ಮುಟ್ಟಿಸಲು ಒಂದು ದಾರಿ ಬೇಕು. ಜಾಗ ಮತ್ತು ವಿದ್ಯುತ್ತಿನ ವಿಚಾರ ಪೆಟ್ಟಿಗೆಯ ಬದಿಯ ತಗಡು ಬಿಚ್ಚಿದೊಡನೆ ಬಹುಮಟ್ಟಿಗೆ ಕಣ್ಣಿಗೇ ಗೊತ್ತಾಗುತ್ತದೆ. ಕಷ್ಟವಿರುವುದು ದಾರಿಯ ವಿಚಾರದಲ್ಲಿ. ಸುಮಾರು 2005ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಒಂದೇ ಕೇಬಲನ್ನು ಎರಡು ಸಾಧನಗಳು ಹಂಚಿಕೊಳ್ಳುತ್ತವೆ. ಹಂಚಿಕೆಯ ನಿಯಮ ತಪ್ಪಿದರೆ ಹೊಸ ಡ್ರೈವ್ ಕಾಣಿಸುವುದಿಲ್ಲ. ಅದುವರೆಗೆ ಚೆನ್ನಾಗಿಯೇ ನಡೆಯುತ್ತಿದ್ದ ಹಾರ್ಡ್‌ಡಿಸ್ಕ್ ಕೂಡ ಮಾಯವಾಗಬಹುದು.

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಿಂದ ಸಾಗರ, ತೀರ್ಥಹಳ್ಳಿಗಳವರೆಗಿನ ಸೀಮೆಯಲ್ಲಿ ಈ ಕೆಲಸಕ್ಕೆ ಇಂದೂ ಅರ್ಥವಿದೆ. ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ, ಯಕ್ಷಗಾನ ಮತ್ತು ತಾಳಮದ್ದಳೆಗಳ ಧ್ವನಿಮುದ್ರಣ, ಶಾಲೆಯ ವಾರ್ಷಿಕೋತ್ಸವದ ಫೋಟೊ, ಜಮೀನಿನ ಕಾಗದಪತ್ರಗಳ ಸ್ಕ್ಯಾನ್, ಹೀಗೆ ಎರಡು ದಶಕಗಳ ನೆನಪು ಸಿಡಿ ಡಿವಿಡಿಗಳಲ್ಲಿ ಕುಳಿತಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಹೊಸ ಡೆಸ್ಕ್‌ಟಾಪ್ ಪೆಟ್ಟಿಗೆಗಳಲ್ಲೂ ಹೆಚ್ಚಿನವಕ್ಕೆ ಅದರ ಜಾಗವಿಲ್ಲ. ಆ ಡಿಸ್ಕುಗಳನ್ನು ಓದಿ ಉಳಿಸಿಕೊಳ್ಳಲು ಮೂಲೆ ಸೇರಿರುವ ಹಳೆಯ ಕಂಪ್ಯೂಟರೇ ಒಳ್ಳೆಯ ಸಾಧನ, ಅದರಲ್ಲಿ ಎರಡು ಡ್ರೈವ್ ಇದ್ದರಂತೂ ಇನ್ನೂ ಒಳ್ಳೆಯದು.

ಎರಡು ಯಾಕೆ ಬೇಕು? 2000ರ ಆಸುಪಾಸಿನಲ್ಲಿ ಕಾರಣ ಬೇರೆಯಿತ್ತು. ಸಿಡಿ ರೈಟರ್ ದುಬಾರಿಯಾಗಿದ್ದ ಕಾಲವದು. ದಿನನಿತ್ಯ ಓದುವುದಕ್ಕೆ ಅಗ್ಗದ ಸಿಡಿ ಡ್ರೈವ್, ಬರೆಯುವುದಕ್ಕೆ ಮಾತ್ರ ರೈಟರ್ ಎಂದು ಎರಡನ್ನೂ ಇಟ್ಟುಕೊಂಡರೆ ರೈಟರ್ ಸವೆಯುವುದು ಕಡಿಮೆ. ಒಂದರಲ್ಲಿ ಮೂಲ ಡಿಸ್ಕ್, ಇನ್ನೊಂದರಲ್ಲಿ ಖಾಲಿ ಡಿಸ್ಕ್ ಹಾಕಿ ನೇರವಾಗಿ ನಕಲು ತೆಗೆಯಬಹುದಿತ್ತು. ಇಂದಿನ ಕಾರಣ ಹಾಳಾಗುತ್ತಿರುವ ಡಿಸ್ಕುಗಳು. ಒಂದು ಡ್ರೈವ್ ಸೋತು ಕೈಬಿಟ್ಟ ಡಿಸ್ಕನ್ನು ಬೇರೆ ಕಂಪನಿಯ ಮತ್ತೊಂದು ಡ್ರೈವ್ ಸಲೀಸಾಗಿ ಓದುವುದು ಸಾಮಾನ್ಯ ಸಂಗತಿ, ಅದಕ್ಕೆ ಸ್ಪಷ್ಟ ಭೌತಿಕ ಕಾರಣಗಳೂ ಇವೆ. ಸಿಡಿಯ ಮೇಲಿನ ಮಾಹಿತಿ ಒಂದೇ ಸುರುಳಿ ಗೆರೆಯಾಗಿ ಒಳಗಿನಿಂದ ಹೊರಗೆ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ 1.6 ಮೈಕ್ರಾನ್, ಡಿವಿಡಿಯಲ್ಲಿ 0.74 ಮೈಕ್ರಾನ್. ಸಿಡಿಯನ್ನು ಓದುವುದು 780 ನ್ಯಾನೋಮೀಟರಿನ ಅವಕೆಂಪು ಲೇಸರ್, ಡಿವಿಡಿಯನ್ನು ಓದುವುದು 650 ನ್ಯಾನೋಮೀಟರಿನ ಕೆಂಪು ಲೇಸರ್. ಡಿಸ್ಕ್ ತಿರುಗುವಾಗ ಸ್ವಲ್ಪ ಮೇಲೆ ಕೆಳಗೆ, ಅಕ್ಕ ಪಕ್ಕ ಹೊಯ್ದಾಡುತ್ತದೆ. ಆ ಹೊಯ್ದಾಟದ ನಡುವೆಯೂ ಲೇಸರಿನ ಚುಕ್ಕೆ ಗೆರೆ ಬಿಡದಂತೆ ನೋಡಿಕೊಳ್ಳುವುದು ಪುಟ್ಟ ಸುರುಳಿತಂತಿಗಳ ನಡುವೆ ತೂಗುವ ಮಸೂರ. ಈ ಮಸೂರ, ಅದನ್ನು ಆಡಿಸುವ ಸರ್ಕ್ಯೂಟು, ಗೀರು ಬಂದಾಗ ವೇಗ ಇಳಿಸಬೇಕೋ ಮತ್ತೆ ಓದಬೇಕೋ ಎಂದು ನಿರ್ಧರಿಸುವ ಒಳಗಿನ ತಂತ್ರಾಂಶ, ಇವೆಲ್ಲ ಪ್ರತಿ ತಯಾರಕರದೂ ಬೇರೆ ಬೇರೆ. ಆದ್ದರಿಂದ ಎರಡನೆಯ ಡ್ರೈವ್ ಕೊಳ್ಳುವಾಗ ಈಗಾಗಲೇ ಇರುವ ಮಾದರಿಯದೇ ಜೋಡಿಯನ್ನು ಹುಡುಕಬೇಕಾಗಿಲ್ಲ. ಬೇರೆ ತಯಾರಿಕೆಯದನ್ನು ಆರಿಸುವುದೇ ಜಾಣತನ.

ಹಳೆಯ ಯಂತ್ರಗಳ ಅಗಲ ಪಟ್ಟಿಯ ಕೇಬಲಿಗೆ ಐಡಿಇ ಎಂದು ಹೆಸರು. 1986ರ ಹೊತ್ತಿಗೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್, ಕಂಟ್ರೋಲ್ ಡೇಟಾ ಕಂಪನಿಗಳು ರೂಪಿಸಿದ ಈ ವ್ಯವಸ್ಥೆ ಹುಟ್ಟಿದ್ದು ಹಾರ್ಡ್‌ಡಿಸ್ಕಿಗಾಗಿ. ಸಿಡಿ ಡ್ರೈವುಗಳು ಮೊದಮೊದಲು ಸೌಂಡ್ ಕಾರ್ಡಿನ ಮೇಲಿನ ಪ್ರತ್ಯೇಕ ಕನೆಕ್ಟರುಗಳಿಗೆ ಅಂಟಿಕೊಳ್ಳುತ್ತಿದ್ದವು. ಮಿತ್ಸುಮಿ, ಪ್ಯಾನಸಾನಿಕ್, ಸೋನಿ ಒಂದೊಂದರದೂ ಒಂದೊಂದು ಪದ್ಧತಿ. 1990ರ ದಶಕದಲ್ಲಿ ಅಟಾಪಿ ಎಂಬ ಏರ್ಪಾಡು ಬಂದ ಮೇಲೆ ಸಿಡಿ ಡ್ರೈವ್ ಕೂಡ ಹಾರ್ಡ್‌ಡಿಸ್ಕಿನ ಕೇಬಲಿಗೇ ಸೇರಿಕೊಂಡಿತು. ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಇಂಥ ಎರಡು ಕನೆಕ್ಟರುಗಳು, ಅಂದರೆ ಎರಡು ಚಾನೆಲುಗಳು ಇರುತ್ತವೆ: ಪ್ರೈಮರಿ ಮತ್ತು ಸೆಕೆಂಡರಿ. ಒಂದೊಂದು ಚಾನೆಲಿನಲ್ಲಿ ಎರಡೆರಡು ಸಾಧನ, ಒಟ್ಟು ನಾಲ್ಕು.

ಒಂದು ಚಾನೆಲಿನಲ್ಲಿರುವ ಎರಡು ಸಾಧನಗಳಲ್ಲಿ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಡ್ರೈವಿನ ಹಿಂಬದಿಯ ಚೀಟಿ ಕರೆಯುತ್ತದೆ. ಹೆಸರು ದಾರಿ ತಪ್ಪಿಸುವಂಥದ್ದು. ಮಾಸ್ಟರ್ ಎಂದಿರುವುದು ಮತ್ತೊಂದರ ಮೇಲೆ ಯಾವ ಅಧಿಕಾರವನ್ನೂ ನಡೆಸುವುದಿಲ್ಲ. ನಿಜವಾಗಿ ಅವು ಸೊನ್ನೆ ಮತ್ತು ಒಂದು ಎಂಬ ಎರಡು ವಿಳಾಸಗಳು. ಮದರ್‌ಬೋರ್ಡ್ ಕಳಿಸುವ ಆಜ್ಞೆ ಪಟ್ಟಿಯ ಮೇಲಿರುವ ಎರಡೂ ಸಾಧನಗಳನ್ನು ಮುಟ್ಟುತ್ತದೆ. ಆಜ್ಞೆಯ ಜೊತೆಗಿರುವ ಒಂದೇ ಒಂದು ಬಿಟ್ ಸೊನ್ನೆಯಾಗಿದ್ದರೆ ಮೊದಲನೆಯದು, ಒಂದಾಗಿದ್ದರೆ ಎರಡನೆಯದು ಉತ್ತರಿಸಬೇಕು, ಇನ್ನೊಂದು ಸುಮ್ಮನಿರಬೇಕು. ಎರಡಕ್ಕೂ ಒಂದೇ ವಿಳಾಸ ಕೊಟ್ಟರೆ ಏನಾಗುತ್ತದೆ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ: ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದು ಹೊರಗಿನಿಂದ ಕೂಗಿದಾಗ ಇಬ್ಬರೂ ಓಗೊಟ್ಟಂತೆ, ತಂತಿಗಳ ಮೇಲೆ ಎರಡು ಉತ್ತರಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಕಂಪ್ಯೂಟರ್ ಶುರುವಾಗುವಾಗ ತೆರೆಯ ಮೇಲೆ ಡ್ರೈವಿನ ಹೆಸರು ಅಕ್ಷರ ಕಲಸಿಹೋಗಿ ಕಾಣಬಹುದು, ಇಲ್ಲವೇ ಎರಡೂ ಡ್ರೈವ್ ಗೈರುಹಾಜರಾಗಬಹುದು. ಹೆಸರು ಕಲಸಿ ಬಂದಿತೆಂದರೆ ಮೊದಲು ಅನುಮಾನಿಸಬೇಕಾದದ್ದು ವಿಳಾಸವನ್ನು, ಆಮೇಲೆ ಕೇಬಲನ್ನು. ಡ್ರೈವ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಅವಸರ ಬೇಡ.

ವಿಳಾಸ ಗೊತ್ತುಮಾಡುವುದು ಜಂಪರ್. ಡ್ರೈವಿನ ಹಿಂಬದಿಯಲ್ಲಿ ಮೂರು ಜೋಡಿ ಪುಟ್ಟ ಪಿನ್ನುಗಳಿದ್ದು, ಪ್ಲಾಸ್ಟಿಕ್ ಹೊದಿಕೆಯ ಲೋಹದ ತುಣುಕೊಂದು ಅವುಗಳಲ್ಲಿ ಒಂದು ಜೋಡಿಯನ್ನು ಬೆಸೆದಿರುತ್ತದೆ. ಪಕ್ಕದಲ್ಲಿ ಎಂಎ, ಎಸ್‌ಎಲ್, ಸಿಎಸ್ ಎಂಬ ಗುರುತುಗಳಿರುತ್ತವೆ. ಮೊದಲೆರಡು ಮಾಸ್ಟರ್ ಮತ್ತು ಸ್ಲೇವ್. ಮೂರನೆಯದು ಕೇಬಲ್ ಸೆಲೆಕ್ಟ್, ಅಂದರೆ ವಿಳಾಸವನ್ನು ಕೇಬಲ್ಲೇ ಹೇಳಲಿ ಎಂಬ ಆಯ್ಕೆ. ಕೇಬಲ್ ಸೆಲೆಕ್ಟಿನ ಗುಟ್ಟು 28ನೆಯ ಪಿನ್ನಿನಲ್ಲಿದೆ. ತುದಿಯ ಕನೆಕ್ಟರಿನಲ್ಲಿ ಆ ಪಿನ್ನಿನ ತಂತಿ ಮದರ್‌ಬೋರ್ಡಿನ ಗ್ರೌಂಡಿಗೆ ಸೇರಿದ್ದು, ನಡುವಿನ ಕನೆಕ್ಟರಿನಲ್ಲಿ ತುಂಡಾಗಿರುತ್ತದೆ. ಗ್ರೌಂಡ್ ಸಿಕ್ಕ ಡ್ರೈವ್ ತನ್ನನ್ನು ಮಾಸ್ಟರ್ ಎಂದುಕೊಳ್ಳುತ್ತದೆ, ಸಿಗದಿದ್ದದ್ದು ಸ್ಲೇವ್ ಎಂದುಕೊಳ್ಳುತ್ತದೆ. ಎರಡರ ಜಂಪರನ್ನೂ ಸಿಎಸ್ ಸ್ಥಾನದಲ್ಲಿಟ್ಟರೆ ಮಾತ್ರ ಈ ಏರ್ಪಾಡು ನೆಟ್ಟಗೆ ನಡೆಯುತ್ತದೆ. ಒಂದನ್ನು ಮಾಸ್ಟರಿನಲ್ಲೂ ಇನ್ನೊಂದನ್ನು ಸಿಎಸ್‌ನಲ್ಲೂ ಬಿಡುವುದು ಗೊಂದಲಕ್ಕೆ ಬಾಗಿಲು ತೆರೆದಂತೆ. ಹಳೆಯ, ಎಲ್ಲಿಂದಲೋ ಬಂದ ಕೇಬಲ್ ಆಗಿದ್ದರೆ ಸಿಎಸ್ ಅನ್ನು ನಂಬುವುದಕ್ಕಿಂತ ಎಂಎ, ಎಸ್‌ಎಲ್ ಎಂದು ಕೈಯಾರೆ ಗೊತ್ತುಮಾಡುವುದೇ ಲೇಸು. ಹಾರ್ಡ್‌ಡಿಸ್ಕಿನ ಕೇಬಲಿಗೇ ಹೊಸ ಡ್ರೈವನ್ನು ಸೇರಿಸುವುದಾದರೆ ಇನ್ನೊಂದು ಎಚ್ಚರ ಬೇಕು. ವೆಸ್ಟರ್ನ್ ಡಿಜಿಟಲ್‌ನ ಅನೇಕ ಹಾರ್ಡ್‌ಡಿಸ್ಕುಗಳಲ್ಲಿ ಒಂಟಿಯಾಗಿರುವಾಗಿನ ಜಂಪರ್ ಸ್ಥಾನ ಬೇರೆ, ಸ್ಲೇವ್ ಜೊತೆಗಿರುವ ಮಾಸ್ಟರಿನ ಸ್ಥಾನ ಬೇರೆ. ಹೊಸ ಡ್ರೈವಿನ ಜಂಪರನ್ನು ಎಷ್ಟು ಸರಿಯಾಗಿ ಇಟ್ಟರೂ ಹಾರ್ಡ್‌ಡಿಸ್ಕಿನದನ್ನು ಬದಲಿಸದಿದ್ದರೆ ಯಂತ್ರ ಶುರುವಾಗದು.

ಕೇಬಲಿನಲ್ಲೂ ಎರಡು ಜಾತಿ. ಎರಡಕ್ಕೂ ಕನೆಕ್ಟರಿನ ತೂತುಗಳು ನಲವತ್ತೇ, ತಂತಿಗಳು ಮಾತ್ರ ಒಂದರಲ್ಲಿ 40, ಇನ್ನೊಂದರಲ್ಲಿ 80. ಹೆಚ್ಚಿನ ನಲವತ್ತು ತಂತಿಗಳು ಮಾಹಿತಿ ಒಯ್ಯುವುದಿಲ್ಲ. ಪ್ರತಿ ಎರಡು ಸಂಕೇತ ತಂತಿಗಳ ನಡುವೆ ಗ್ರೌಂಡ್ ಆಗಿ ನಿಂತು ಒಂದರ ಸದ್ದು ಇನ್ನೊಂದಕ್ಕೆ ಹಾಯದಂತೆ ತಡೆಯುತ್ತವೆ. ಸೆಕೆಂಡಿಗೆ 33 ಮೆಗಾಬೈಟಿಗಿಂತ ಹೆಚ್ಚಿನ ವೇಗಕ್ಕೆ 80 ತಂತಿಯದೇ ಬೇಕು. ಡಿಸ್ಕ್ ಡ್ರೈವಿಗೆ ಅಷ್ಟು ವೇಗದ ಅಗತ್ಯವಿಲ್ಲ: ಸಿಡಿಯ ಒಂದು ಪಟ್ಟು ವೇಗ ಸೆಕೆಂಡಿಗೆ 150 ಕಿಲೋಬೈಟ್, ಹಾಗಾಗಿ 52 ಪಟ್ಟಿನ ಡ್ರೈವ್ ಕೂಡ 7.8 ಮೆಗಾಬೈಟ್ ದಾಟದು; ಡಿವಿಡಿಯ ಒಂದು ಪಟ್ಟು ಸುಮಾರು 1.385 ಮೆಗಾಬೈಟ್, 16 ಪಟ್ಟಿಗೆ 22 ಮೆಗಾಬೈಟ್. 40 ತಂತಿಯ ಹಳೆಯ ಕೇಬಲ್ ಇದಕ್ಕೆ ಸಾಕು. ಆದರೆ ಅದೇ ಕೇಬಲಿನ ಮೇಲೆ ಹಾರ್ಡ್‌ಡಿಸ್ಕ್ ಇದ್ದರೆ ಅದರ ಓಟ ಕುಂಟುತ್ತದೆ. 80 ತಂತಿಯ ಕೇಬಲಿನಲ್ಲಿ ನೀಲಿ ಕನೆಕ್ಟರ್ ಮದರ್‌ಬೋರ್ಡಿಗೆ, ತುದಿಯ ಕಪ್ಪು ಮಾಸ್ಟರಿಗೆ, ನಡುವಿನ ಬೂದು ಸ್ಲೇವ್‌ಗೆ. ಒಂದೇ ಸಾಧನ ಇರುವಾಗ ಅದನ್ನು ತುದಿಗೇ ಹಾಕಬೇಕು. ನಡುವಿಗೆ ಹಾಕಿದರೆ ಮುಂದಿನ ಖಾಲಿ ತುಂಡಿನಿಂದ ಸಂಕೇತ ಪುಟಿದು ಹಿಂದಕ್ಕೆ ಬಂದು ಮೂಲ ಸಂಕೇತವನ್ನು ಕೆಡಿಸುತ್ತದೆ. ಪಟ್ಟಿಯ ಒಂದಂಚಿನ ಕೆಂಪು ಗೆರೆ 1ನೆಯ ಪಿನ್ನಿನ ಗುರುತು. ಬಹುತೇಕ ಡ್ರೈವುಗಳಲ್ಲಿ ಆ ಅಂಚು ವಿದ್ಯುತ್ ಕನೆಕ್ಟರಿನ ಕಡೆಗೆ ಬರುತ್ತದೆ. 20ನೆಯ ಪಿನ್ ಇರಬೇಕಾದ ಜಾಗ ಖಾಲಿ. ಒಳ್ಳೆಯ ಕೇಬಲಿನಲ್ಲಿ ಆ ತೂತು ಮುಚ್ಚಿರುವುದರಿಂದ ತಲೆಕೆಳಗಾಗಿ ಕೂರುವುದೇ ಇಲ್ಲ. ಅಗ್ಗದ ಕೇಬಲಿನಲ್ಲಿ ಈ ರಕ್ಷಣೆ ಇರದಿದ್ದರೆ ಕೆಂಪು ಗೆರೆಯನ್ನೇ ನೋಡಿಕೊಳ್ಳಬೇಕು.

ಕೇಬಲಿನ ಉದ್ದ 18 ಇಂಚು, ಸುಮಾರು 46 ಸೆಂಟಿಮೀಟರ್ ಮೀರಬಾರದು ಎಂಬುದು ನಿಯಮ. ಎತ್ತರದ ಪೆಟ್ಟಿಗೆಯ ತೀರಾ ಮೇಲಿನ ಖಾನೆಯಲ್ಲಿ ಒಂದು ಡ್ರೈವ್, ಕೆಳಗೆ ಹಾರ್ಡ್‌ಡಿಸ್ಕ್ ಎಂದಾದರೆ ಎರಡು ಕನೆಕ್ಟರುಗಳ ನಡುವಿನ ಆರು ಇಂಚು ಸಾಲದೆ ಪಟ್ಟಿ ಬಿಗಿಯುತ್ತದೆ. ಬಿಗಿದು ಎಳೆದ ಪಟ್ಟಿ ಇಂದು ಕೆಲಸ ಮಾಡಿದರೂ ಕನೆಕ್ಟರಿನೊಳಗಿನ ಹಲ್ಲುಗಳಿಂದ ತಂತಿ ನಿಧಾನವಾಗಿ ಜಾರುತ್ತದೆ. ಅಕ್ಕಪಕ್ಕದ ಖಾನೆಗಳಲ್ಲಿರುವ ಎರಡು ಡಿಸ್ಕ್ ಡ್ರೈವುಗಳಿಗೆ ಒಂದು ಕೇಬಲ್, ಹಾರ್ಡ್‌ಡಿಸ್ಕಿಗೆ ಪ್ರತ್ಯೇಕ ಕೇಬಲ್ ಎಂಬ ಜೋಡಣೆ ಅಳತೆಯ ದೃಷ್ಟಿಯಿಂದಲೇ ಸಹಜವಾಗಿ ಒದಗುತ್ತದೆ.

ಕೆಲಸದ ದೃಷ್ಟಿಯಿಂದಲೂ ಅದೇ ಸರಿಯೇ ಎಂಬುದು ಬಳಕೆಯ ಮೇಲೆ ನಿಂತಿದೆ. ಐಡಿಇ ಚಾನೆಲಿನಲ್ಲಿ ಒಂದು ಸಾಧನಕ್ಕೆ ಆಜ್ಞೆ ಕೊಟ್ಟರೆ ಸಾಮಾನ್ಯವಾಗಿ ಉತ್ತರ ಬರುವ ತನಕ ಮತ್ತೊಂದರ ಸರದಿ ಬರುವುದಿಲ್ಲ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನೇರ ನಕಲು ತೆಗೆಯುವಾಗ ಎರಡೂ ಒಂದೇ ಚಾನೆಲಿನಲ್ಲಿದ್ದರೆ ಓದುವುದೂ ಬರೆಯುವುದೂ ಸರದಿ ಕಾಯುತ್ತವೆ. ಬರೆಯುವ ಲೇಸರಿಗೆ ಹೊತ್ತಿಗೆ ಸರಿಯಾಗಿ ಮಾಹಿತಿ ಬಾರದೆ ಡಿಸ್ಕ್ ಹಾಳಾಗುವ ತೊಂದರೆ ಹಳೆಯ ರೈಟರುಗಳಲ್ಲಿ ಸರ್ವೇಸಾಮಾನ್ಯವಾಗಿತ್ತು. 2000ದ ಸುಮಾರಿಗೆ ಸಾನ್ಯೊ ಕಂಪನಿ ತಂದ ಬರ್ನ್‌ಪ್ರೂಫ್ ಎಂಬ ತಂತ್ರ, ಬರವಣಿಗೆಯನ್ನು ನಿಲ್ಲಿಸಿ ನಿಂತಲ್ಲಿಂದಲೇ ಮುಂದುವರಿಸುವುದನ್ನು ಸಾಧ್ಯ ಮಾಡಿತು. ಅದಕ್ಕಿಂತ ಹಿಂದಿನ ರೈಟರ್ ಆಗಿದ್ದರೆ ಎರಡನ್ನು ಬೇರೆ ಬೇರೆ ಚಾನೆಲಿಗೆ ಹಾಕುವುದು ಅನಿವಾರ್ಯ. ಹಳೆಯ ಡಿಸ್ಕುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದೇ ಉದ್ದೇಶವಾದರೆ ಲೆಕ್ಕ ತಿರುಗುತ್ತದೆ. ಗೀರು ಬಿದ್ದ ಜಾಗಕ್ಕೆ ಬಂದಾಗ ಡ್ರೈವ್ ಮತ್ತೆ ಮತ್ತೆ ಓದಲು ಯತ್ನಿಸುತ್ತ ಹಲವು ಸೆಕೆಂಡು ಚಾನೆಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಚಾನೆಲಿನಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ ಅಷ್ಟು ಹೊತ್ತೂ ಇಡೀ ಕಂಪ್ಯೂಟರ್ ಕಲ್ಲಾಗಿ ನಿಲ್ಲುತ್ತದೆ. ಹಾಗಾಗಿ ಮಲೆನಾಡಿನ ಮನೆಯೊಂದರ ಡಿಸ್ಕ್ ಸಂಗ್ರಹವನ್ನು ಉಳಿಸುವ ಕೆಲಸಕ್ಕೆ ಹಾರ್ಡ್‌ಡಿಸ್ಕ್ ಪ್ರೈಮರಿ ಮಾಸ್ಟರ್, ಎರಡು ಡಿಸ್ಕ್ ಡ್ರೈವುಗಳು ಸೆಕೆಂಡರಿಯ ಮಾಸ್ಟರ್ ಮತ್ತು ಸ್ಲೇವ್ ಎಂಬ ಜೋಡಣೆಯೇ ಉತ್ತಮ.

ಇನ್ನು ಕೈಕೆಲಸ. ಮೊದಲು ವಿದ್ಯುತ್ತಿನ ವೈರನ್ನು ಗೋಡೆಯ ಸಾಕೆಟ್ಟಿನಿಂದಲೇ ಕೀಳಬೇಕು. 1995ರ ನಂತರ ಬಂದ ಎಟಿಎಕ್ಸ್ ಮಾದರಿಯ ಯಂತ್ರಗಳಲ್ಲಿ ಕಂಪ್ಯೂಟರ್ ಬಂದ್ ಆಗಿದ್ದರೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಅದಕ್ಕೂ ಹಿಂದಿನ ಎಟಿ ಮಾದರಿಯಲ್ಲಿ ಮುಂಭಾಗದ ಸ್ವಿಚ್ಚಿನವರೆಗೆ 230 ವೋಲ್ಟಿನ ತಂತಿಗಳೇ ಬಂದಿರುತ್ತವೆ. ಅದು ಇನ್ನೂ ಅಪಾಯ. ವೈರ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿದರೆ ಒಳಗೆ ಉಳಿದ ಚಾರ್ಜು ಬಹುಪಾಲು ಇಳಿಯುತ್ತದೆ. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಮೈಯ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ತಗುಲದಂತೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೆಲಸ ಶುರುಮಾಡಬೇಕು. ಆರಿದ್ರಾ ಪುನರ್ವಸುವಿನ ಜಡಿಮಳೆಯಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಸ್ಥಿರವಿದ್ಯುತ್ತಿನ ಕಾಟ ಕಡಿಮೆ. ಮಾಘ ಫಾಲ್ಗುಣದ ಒಣ ಹವೆಯಲ್ಲಿ ಹೆಚ್ಚು.

ಈ ಸೀಮೆಯ ಹಳೆಯ ಮನೆಗಳಲ್ಲಿ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದುಂಟು. ಎಸ್‌ಎಂಪಿಎಸ್ಸಿನ ಒಳಬಾಗಿಲಲ್ಲಿ ವಿದ್ಯುತ್ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರುಗಳು ಫೇಸ್, ನ್ಯೂಟ್ರಲ್ ತಂತಿಗಳಿಂದ ಕ್ಯಾಬಿನೆಟ್ಟಿಗೆ ಸೇರಿರುತ್ತವೆ. ಅರ್ಥ್ ಇದ್ದಾಗ ಅವುಗಳ ಮೂಲಕ ಬರುವ ಅತ್ಯಲ್ಪ ಪ್ರವಾಹ ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದ ಎರಡು ಪಿನ್ನಿನ ಸಾಕೆಟ್ಟಾದರೆ ಇಡೀ ಕ್ಯಾಬಿನೆಟ್ ಮೇನ್ಸಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸಿಗೆ ಏರಿ ನಿಲ್ಲುತ್ತದೆ. ಪ್ರವಾಹ ತೀರಾ ಸಣ್ಣದಾದ್ದರಿಂದ ಮನುಷ್ಯರಿಗೆ ಜುಮ್ಮೆನ್ನುವುದಷ್ಟೇ. ಆದರೆ ಹೀಗೆ ಏರಿ ನಿಂತ ಯಂತ್ರಕ್ಕೆ ಬೇರೆಡೆ ಅರ್ಥ್ ಆಗಿರುವ ಸಾಧನದ ಕೇಬಲನ್ನು ಚುಚ್ಚಿದರೆ ಚಿಪ್ಪು ಸುಡಬಹುದು. ಡ್ರೈವ್ ಹಾಕುವುದಕ್ಕೆ ಮೊದಲು ಅರ್ಥ್ ಸರಿಮಾಡಿಸುವುದು ಆ ಡ್ರೈವಿಗೆ ಮಾಡುವ ದೊಡ್ಡ ಉಪಕಾರ. ಮುಂಗಾರಿಗೆ ಮುಂಚಿನ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ ಕಂಪ್ಯೂಟರಿನ ವೈರನ್ನೂ ಟೆಲಿಫೋನ್ ಇಲ್ಲವೇ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವ ರೂಢಿ ಮಲೆನಾಡಿನವರಿಗೆ ಗೊತ್ತಿರುವುದೇ; ಪೆಟ್ಟಿಗೆ ಬಿಚ್ಚಿಟ್ಟುಕೊಂಡ ದಿನವೂ ಅದನ್ನು ಮರೆಯಬಾರದು.

ಡಿಸ್ಕ್ ಡ್ರೈವಿನ ಖಾನೆಗೆ ಐದೂಕಾಲು ಇಂಚಿನ ಖಾನೆ ಎಂದು ಹೆಸರು. ಆ ಅಳತೆ ಹಿಂದಿನ ಫ್ಲಾಪಿಯದು. ನಿಜವಾದ ಅಗಲ 146 ಮಿಲಿಮೀಟರ್, ಎತ್ತರ ಸುಮಾರು 41 ಮಿಲಿಮೀಟರ್. ಮುಂಭಾಗದ ಪ್ಲಾಸ್ಟಿಕ್ ಮುಚ್ಚಳವನ್ನು ಒಳಗಿನಿಂದ ಒತ್ತಿ ತೆಗೆಯಬೇಕು. ಅದರ ಹಿಂದೆ ತಗಡಿನ ಮರೆ ಇದ್ದರೆ ಹಿಂದೆ ಮುಂದೆ ಬಾಗಿಸಿ ಮುರಿಯಬೇಕು. ಅದರ ಅಂಚು ಕತ್ತಿಯಷ್ಟೇ ಹರಿತ, ದಪ್ಪ ಬಟ್ಟೆ ಹಿಡಿದೇ ಮಾಡಬೇಕಾದ ಕೆಲಸ. ಡ್ರೈವ್ ಒಳಗೆ ಬರುವುದು ಮುಂದಿನಿಂದ. ಜಂಪರನ್ನು ಅದಕ್ಕೆ ಮೊದಲೇ ಇಟ್ಟಿರಬೇಕು, ಒಳಗೆ ಕೂತ ಮೇಲೆ ಬೆರಳು ಹೋಗದು. ಸ್ಕ್ರೂಗಳು ಸಣ್ಣ ಎಳೆಯ ಎಂ3 ಅಳತೆಯವು. ಹಾರ್ಡ್‌ಡಿಸ್ಕಿನ ದಪ್ಪ ಎಳೆಯ ಸ್ಕ್ರೂವನ್ನು ಬಲವಂತವಾಗಿ ತಿರುಗಿಸಿದರೆ ಡ್ರೈವಿನ ಮೈಯ ಎಳೆ ಹಾಳಾಗುತ್ತದೆ. ಬದಿಗೆ ಎರಡರಂತೆ ನಾಲ್ಕು ಸ್ಕ್ರೂ ಹಾಕುವುದು ಅಲಂಕಾರಕ್ಕಲ್ಲ: 52 ಪಟ್ಟಿನ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತದೆ, ಸಡಿಲ ಡ್ರೈವಿನ ನಡುಕ ಮಸೂರದ ಕೆಲಸವನ್ನು ಕೆಡಿಸುತ್ತದೆ.

ವಿದ್ಯುತ್ತಿಗೆ ನಾಲ್ಕು ತಂತಿಯ ಬಿಳಿ ಮೋಲೆಕ್ಸ್ ಕನೆಕ್ಟರ್. ಹಳದಿ 12 ವೋಲ್ಟ್ ಮೋಟರಿಗೆ, ಕೆಂಪು 5 ವೋಲ್ಟ್ ಚಿಪ್ಪುಗಳಿಗೆ, ನಡುವಿನ ಎರಡು ಕಪ್ಪು ಗ್ರೌಂಡ್. ಎರಡು ಮೂಲೆ ಓರೆಯಾಗಿ ಕತ್ತರಿಸಿರುವುದರಿಂದ ಸರಿಯಾಗಿ ಹಿಡಿದರಷ್ಟೇ ಒಳಗೆ ಹೋಗುತ್ತದೆ, ಆದರೂ ಕೊನೆಯ ತನಕ ಒತ್ತಲು ಬಲ ಬೇಕು. ಡ್ರೈವಿನ ಚೀಟಿಯಲ್ಲಿ ಎರಡೂ ವೋಲ್ಟಿಗೆ ಒಂದೂವರೆ ಆಂಪಿಯರ್ ಎಂದಿದ್ದರೆ ಗರಿಷ್ಠ 25.5 ವಾಟ್ ಆಯಿತು. ಅಷ್ಟು ಬೇಕಾಗುವುದು ಡಿಸ್ಕ್ ವೇಗ ಹಿಡಿಯುವ ಕ್ಷಣದಲ್ಲಿ ಮಾತ್ರ. ಆರೋಗ್ಯವಾಗಿರುವ 250 ವಾಟಿನ ಎಸ್‌ಎಂಪಿಎಸ್‌ಗೆ ಇದು ಹೊರೆಯಲ್ಲ. ಹದಿನೈದು ಮಳೆಗಾಲ ಕಂಡು ಕೆಪಾಸಿಟರುಗಳು ಉಬ್ಬಿರುವ ಎಸ್‌ಎಂಪಿಎಸ್ ಆದರೆ ಡಿಸ್ಕ್ ತಿರುಗತೊಡಗಿದೊಡನೆ ಯಂತ್ರ ತಾನಾಗಿ ಮತ್ತೆ ಶುರುವಾಗುತ್ತದೆ. ಆಗ ಬದಲಿಸಬೇಕಾದದ್ದು ಡ್ರೈವನ್ನಲ್ಲ. ಡ್ರೈವಿನ ಹಿಂದೆ ನಾಲ್ಕು ಪಿನ್ನಿನ ಆಡಿಯೊ ಕನೆಕ್ಟರ್ ಕೂಡ ಇರುತ್ತದೆ. ವಿಂಡೋಸ್ 98ರ ಕಾಲದಲ್ಲಿ ಹಾಡಿನ ಸಿಡಿಯ ಸದ್ದು ಅಲ್ಲಿಂದ ಸೌಂಡ್ ಕಾರ್ಡಿಗೆ ಹೋಗುತ್ತಿತ್ತು. ಎಕ್ಸ್‌ಪಿ ಹಾಗೂ ನಂತರದವು ಹಾಡನ್ನು ಕೇಬಲಿನ ಮೂಲಕವೇ ಓದಿಕೊಳ್ಳುವುದರಿಂದ ಅದನ್ನು ಖಾಲಿ ಬಿಡಬಹುದು.

ಪೆಟ್ಟಿಗೆ ಮುಚ್ಚುವ ಮೊದಲೇ ಒಮ್ಮೆ ಶುರುಮಾಡಿ ನೋಡಬೇಕು. ಬಹುತೇಕ ಯಂತ್ರಗಳಲ್ಲಿ ಡಿಲೀಟ್ ಕೀಲಿ ಒತ್ತಿದರೆ ಬಯಾಸ್ ಎಂಬ ಸೆಟ್ಟಿಂಗ್ ಪರದೆ ತೆರೆಯುತ್ತದೆ. ಅಲ್ಲಿ ಸೆಕೆಂಡರಿ ಸ್ಲೇವ್ ಎದುರು ನನ್ ಎಂದಿದ್ದರೆ ಆಟೊ ಎಂದು ಬದಲಿಸಬೇಕು. ಬದಲಿಸಿದ್ದು ಮರುದಿನ ಮರೆತುಹೋಗಿದ್ದರೆ ಮದರ್‌ಬೋರ್ಡಿನ 3 ವೋಲ್ಟಿನ ಬಿಲ್ಲೆ ಬ್ಯಾಟರಿ, ಸಾಮಾನ್ಯವಾಗಿ ಸಿಆರ್2032, ಮುಗಿದಿದೆ ಎಂದರ್ಥ. ವಿಂಡೋಸ್‌ಗೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ, ಹೊಸ ಡ್ರೈವಿಗೆ ಅದೇ ಒಂದು ಅಕ್ಷರ ಕೊಡುತ್ತದೆ. ಎಕ್ಸ್‌ಪಿಯಲ್ಲಿ ಒಂದು ವಿಷಯವನ್ನು ಮಾತ್ರ ಪರೀಕ್ಷಿಸಲೇಬೇಕು. ಕೆಟ್ಟ ಡಿಸ್ಕನ್ನು ಓದುವಾಗ ಪದೇ ಪದೇ ತಪ್ಪು ಎದುರಾದರೆ ಎಕ್ಸ್‌ಪಿ ಆ ಚಾನೆಲನ್ನು ಡಿಎಂಎ ಎಂಬ ವೇಗದ ವಿಧಾನದಿಂದ ಪಿಐಒ ಎಂಬ ನಿಧಾನದ ವಿಧಾನಕ್ಕೆ ಇಳಿಸುತ್ತದೆ, ತಾನಾಗಿ ಮೇಲಕ್ಕೆ ಏರಿಸುವುದಿಲ್ಲ. ಪಿಐಒದಲ್ಲಿ ಪ್ರತಿ ತುಣುಕು ಮಾಹಿತಿಯನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕಾಗುತ್ತದೆ. ಮೌಸ್ ತಡವರಿಸುತ್ತದೆ, ವಿಡಿಯೊ ಬಿಕ್ಕುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಸೆಕೆಂಡರಿ ಐಡಿಇ ಚಾನೆಲನ್ನು ತೆಗೆದುಹಾಕಿ ಕಂಪ್ಯೂಟರನ್ನು ಮತ್ತೆ ಶುರುಮಾಡಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎಗೆ ಮರಳುತ್ತದೆ. ಹಾಳಾದ ಡಿಸ್ಕುಗಳ ಜೊತೆಗೇ ಕೆಲಸ ಮಾಡುವವರಿಗೆ ಇದು ಆಗಾಗ ಬೇಕಾಗುವ ಮದ್ದು.

2006ರ ಆಸುಪಾಸಿನಿಂದ ಬಂದ ಯಂತ್ರಗಳಲ್ಲಿ, ಅಂದರೆ ಕಚೇರಿಗಳು ವಿಲೇವಾರಿ ಮಾಡಿ ಸೆಕೆಂಡ್‌ಹ್ಯಾಂಡ್ ಆಗಿ ಊರು ತಲುಪಿದ ಅನೇಕ ಡೆಸ್ಕ್‌ಟಾಪುಗಳಲ್ಲಿ, ಚಿತ್ರ ಬೇರೆ. ಇಂಟೆಲ್‌ನ ಐಸಿಎಚ್7 ಚಿಪ್ಪಿನ ಮದರ್‌ಬೋರ್ಡುಗಳಲ್ಲಿ ಒಂದು ಐಡಿಇ ಚಾನೆಲ್ ಮತ್ತು ನಾಲ್ಕು ಸಾಟಾ ಕನೆಕ್ಟರುಗಳ ವ್ಯವಸ್ಥೆ ಇತ್ತು. ಮುಂದಿನ ಐಸಿಎಚ್8 ಐಡಿಇಯನ್ನು ಪೂರ್ತಿ ಕೈಬಿಟ್ಟಿತು. ಸಾಟಾದಲ್ಲಿ ಹಂಚಿಕೆಯೇ ಇಲ್ಲ. ಒಂದು ಡ್ರೈವಿಗೆ ಏಳು ಪಿನ್ನಿನ ಒಂದು ಸಪೂರ ಕೇಬಲ್, ಒಂದು ಮೀಟರಿನವರೆಗೂ ಉದ್ದ. ಜಂಪರ್ ಇಲ್ಲ, ವಿಳಾಸ ಇಲ್ಲ, ಸರದಿ ಇಲ್ಲ. ಎರಡೂ ಬಗೆಯ ಕನೆಕ್ಟರ್ ಇರುವ ಯಂತ್ರದಲ್ಲಿ ಹಳೆಯ ಐಡಿಇ ಡ್ರೈವನ್ನು ಉಳಿಸಿಕೊಂಡು ಎರಡನೆಯದನ್ನು ಸಾಟಾ ಆಗಿ ಸೇರಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಎಸ್‌ಎಂಪಿಎಸ್‌ನಲ್ಲಿ ಸಾಟಾ ವಿದ್ಯುತ್ ಕನೆಕ್ಟರ್ ಇಲ್ಲದಿದ್ದರೆ ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಅದರ ಪ್ಲಾಸ್ಟಿಕ್ ತಲೆ ತಂತಿಗಳ ಸುತ್ತ ಒಟ್ಟಿಗೆ ಎರಕ ಹೊಯ್ದದ್ದಾಗಿದ್ದರೆ ಬೇಡ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಹೊಗೆಯಾಡಿದ ಉದಾಹರಣೆಗಳು ಬಹಳ. ತಂತಿಗಳು ಬಿಡಿಬಿಡಿಯಾಗಿ ಒಳಹೋಗುವುದು ಕಾಣುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಬೇಕು.

ಎರಡೂ ಡ್ರೈವ್ ಸಿದ್ಧವಾದ ಮೇಲೆ ಡಿಸ್ಕುಗಳ ಸರದಿ. ಸಿಡಿಯಲ್ಲಿ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟಿನ ಮೇಲ್ತುದಿಯಲ್ಲಿ, ಹೆಸರು ಬರೆಯುವ ಬದಿಗೆ ತೀರಾ ಹತ್ತಿರದಲ್ಲಿ ಮಾಹಿತಿಯ ಪದರ ಇದೆ. ಅದನ್ನು ಕಾಯುವುದು ತೆಳುವಾದ ಅರಗಿನ ಲೇಪ. ಹಾಗಾಗಿ ಹೊಳೆಯುವ ಬದಿಯ ಗೀರಿಗಿಂತ ಮೇಲಿನ ಬದಿಯ ಗೀರು ಹೆಚ್ಚು ಮಾರಕ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಮಾಹಿತಿ ಭದ್ರವಾಗಿರುತ್ತದೆ, ಆದರೆ ಅಂಟಿನ ಅಂಚಿನಿಂದ ತೇವ ಒಳಗೆ ಇಳಿಯಬಹುದು. ಆಗುಂಬೆ, ಹುಲಿಕಲ್ಲುಗಳಂಥ ಮಳೆಯೂರುಗಳಿರುವ ಸೀಮೆಯಲ್ಲಿ ಬೀರುವಿನಲ್ಲಿಟ್ಟ ಡಿಸ್ಕಿಗೂ ಬೂಷ್ಟು ಹಿಡಿಯುತ್ತದೆ. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿಡಿಯೊಂದನ್ನು ಪರೀಕ್ಷಿಸಿದಾಗ ಜಿಯೋಟ್ರಿಕಮ್ ಎಂಬ ಶಿಲೀಂಧ್ರ ಅಂಚಿನಿಂದ ಒಳಹೊಕ್ಕು ಅಲ್ಯೂಮಿನಿಯಂ ಪದರವನ್ನೇ ಹಾಳುಗೆಡವಿದ್ದು ಕಂಡಿತ್ತು. ಅಲ್ಲಿಯದೂ ಬಿಸಿಯ, ತೇವದ ಹವೆ. ಮೇಲ್ಮೈಯ ಬೂಷ್ಟನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮೃದು ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ತೆಗೆಯಬೇಕು, ಸುತ್ತಲೂ ಉಜ್ಜಬಾರದು. ಬಿಸಿಲಿಗೆ ಒಣಹಾಕಬಾರದು, ಬರೆದ ಸಿಡಿಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ, ಬಿಸಿಲು ಅದನ್ನು ಮಂಕಾಗಿಸುತ್ತದೆ. ಒದ್ದೆ ಡಿಸ್ಕನ್ನಾಗಲಿ ಬೂಷ್ಟು ತುಂಬಿದ ಡಿಸ್ಕನ್ನಾಗಲಿ ಹಾಗೆಯೇ ಡ್ರೈವಿಗೆ ಹಾಕಿದರೆ ಮಸೂರವೂ ಮಸುಕಾಗುತ್ತದೆ.

ಓದಿಸುವ ಕ್ರಮವೂ ಮುಖ್ಯ. ಫೈಲುಗಳಿರುವ ಡಿಸ್ಕುಗಳಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹೇಳಿ ಮಾಡಿಸಿದಂತಿದೆ. ಅದು ಮೊದಲು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಓದಿ, ಸಿಗದ ಜಾಗಗಳ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಅದೇ ಡಿಸ್ಕನ್ನು ಎರಡನೆಯ ಡ್ರೈವಿಗೆ ಹಾಕಿ, ಅದೇ ಪಟ್ಟಿಯನ್ನು ಕೊಟ್ಟರೆ ಬಿಟ್ಟುಹೋದ ಜಾಗಗಳನ್ನು ಮಾತ್ರ ಹುಡುಕಿ ಓದುತ್ತದೆ. ಎರಡು ಬೇರೆ ತಯಾರಿಕೆಯ ಡ್ರೈವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದ ಶ್ರಮ ಸಾರ್ಥಕವಾಗುವುದು ಇಲ್ಲಿ. ವಿಡಿಯೊ ತುಂಬಿದ ಸಿಡಿಗೆ, ಅಂದರೆ ವಿಸಿಡಿಗೆ, ಈ ದಾರಿ ಒಗ್ಗದು. ಸಾಮಾನ್ಯ ಸಿಡಿಯ ಪ್ರತಿ ತುಣುಕಿನಲ್ಲಿ 2048 ಬೈಟ್ ಮಾಹಿತಿಯೂ ಉಳಿದ ಜಾಗದಲ್ಲಿ ತಪ್ಪು ತಿದ್ದುವ ಸಂಕೇತವೂ ಇದ್ದರೆ, ವಿಸಿಡಿಯ ವಿಡಿಯೊ ತುಣುಕುಗಳು ಆ ಸಂಕೇತದ ಜಾಗಕ್ಕೂ ಚಿತ್ರವನ್ನೇ ತುಂಬಿ 2324 ಬೈಟ್ ಒಯ್ಯುತ್ತವೆ. ಒಂದೆರಡು ಚುಕ್ಕೆ ಕೆಟ್ಟರೂ ಚಿತ್ರ ಮುಂದೆ ಸಾಗುತ್ತದೆಂಬ ಲೆಕ್ಕಾಚಾರದಿಂದ ಹೀಗೆ ಮಾಡಿದ್ದರು. ಪರಿಣಾಮವಾಗಿ ಮದುವೆಯ ವಿಸಿಡಿ ಟಿವಿಯಲ್ಲಿ ಓಡಿದರೂ, ಅದರ ಡ್ಯಾಟ್ ಕಡತವನ್ನು ವಿಂಡೋಸಿನಲ್ಲಿ ನಕಲು ಮಾಡಹೊರಟರೆ ಗೀರಿನ ಜಾಗದಲ್ಲಿ ಕೆಲಸ ನಿಂತುಬಿಡುತ್ತದೆ. ಐಸೋಬಸ್ಟರ್‌ನಂಥ, ವಿಸಿಡಿಯ ತುಣುಕುಗಳನ್ನು ಇದ್ದಹಾಗೆ ಓದಬಲ್ಲ ತಂತ್ರಾಂಶ ಇದಕ್ಕೆ ಬೇಕು.

ಇಳಿಸಿಕೊಂಡ ಕಡತಗಳು ಹಳೆಯ ಯಂತ್ರದಲ್ಲೇ ಉಳಿಯುವಂತಿಲ್ಲ. ಹಾರ್ಡ್‌ಡಿಸ್ಕ್ ಫ್ಯಾಟ್32 ಪದ್ಧತಿಯದಾದರೆ 4 ಗಿಗಾಬೈಟ್ ಮೀರಿದ ಕಡತವನ್ನೇ ಒಪ್ಪದು. ತುಂಬಿದ ಡಿವಿಡಿಯ ಪೂರ್ಣ ಪ್ರತಿ ಅದಕ್ಕಿಂತ ದೊಡ್ಡದು. ಆದ್ದರಿಂದ ಎನ್‌ಟಿಎಫ್‌ಎಸ್‌ಗೆ ಮೊದಲೇ ಬದಲಿಸಿಕೊಳ್ಳಬೇಕು. ಹೊರಗೆ ಸಾಗಿಸಲು ಯುಎಸ್‌ಬಿ 1.1 ಮಾತ್ರ ಇರುವ ಯಂತ್ರದಲ್ಲಿ 4.7 ಗಿಗಾಬೈಟಿಗೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅಂಥಲ್ಲಿ 100 ಮೆಗಾಬಿಟ್ಟಿನ ಲ್ಯಾನ್ ಕೇಬಲಿನಿಂದ ಹೊಸ ಲ್ಯಾಪ್‌ಟಾಪಿಗೆ ನೇರವಾಗಿ ಕಳಿಸಿದರೆ ಅದೇ ಕಡತ ಹತ್ತು ನಿಮಿಷದೊಳಗೆ ದಾಟುತ್ತದೆ. ಅಲ್ಲಿ ತೆರೆದು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಬೇರೆ ಎರಡು ಕಡೆ ಪ್ರತಿ ಇಟ್ಟ ನಂತರವೇ ಹಳೆಯ ಯಂತ್ರದಲ್ಲಿರುವುದನ್ನು ಅಳಿಸಿ ಮುಂದಿನ ಡಿಸ್ಕಿಗೆ ಜಾಗ ಮಾಡಬೇಕು.